ಪಟದ ಕೆಳಸಾಲಿನ ಹೆಂಗಸು

ಚಿತ್ರದುರ್ಗ
4 ಜುಲೈ 2022

ಗಂಗಕ್ಕನವರಿಗೆ ನಮಸ್ಕಾರಗಳು.

ಪಟ ಒಡೆಯದೆ, ನಲುಗದೆ ನಮ್ಮ ಮನೆ ಸೇರಿತು. ಹಿರಿಯೂರಿನಿಂದ ಇಲ್ಲಿಯವರೆಗೂ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಐಮಂಗಲದಲ್ಲಿ ಹತ್ತಿದವರೊಬ್ಬರು ದೇವರ ಪಟವೆಂದು ತಿಳಿದು ಕೈಮುಗಿದರು. ನಾನು ಬೇಡವೆನ್ನಲಿಲ್ಲ.

ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಮಗ ಅಂಜನಪ್ಪನ ಫೋನಿಗೆ ಬರೆದು ಕಳಿಸಿದರೆ ಅವನು ಅರ್ಧ ಓದಿ ಅರ್ಧ ನುಂಗುತ್ತಾನೆ ಎಂದು ನೀವೇ ಹೇಳಿದಿರಿ. ಅದಕ್ಕೇ ಈ ಕಾಗದ. ಇದನ್ನೇ ಪಟ ತಲುಪಿದ್ದಕ್ಕೆ ರಸೀದಿ ಎಂದು ಇಟ್ಟುಕೊಳ್ಳಿ.

ಸ್ವಾತಂತ್ರ್ಯದ ಎಪ್ಪತ್ತೈದನೇ ವರ್ಷಕ್ಕೆ ನಮ್ಮ ಸಮಿತಿ ಆಗಸ್ಟ್ ಹದಿಮೂರರಿಂದ ಮೂರು ದಿನ ಹಳೆಯ ಪಟಗಳ ಪ್ರದರ್ಶನ ಇಟ್ಟಿದೆ. ಹಿಂದಿನ ಶತಮಾನಗಳಲ್ಲಿ ಸಂತೆಗಳಲ್ಲಿ ಮಾರುತ್ತಿದ್ದ, ದೇಶ ಮುಂದೆ ಹೋಗುತ್ತಿದೆ ಎಂದು ಸಾರುತ್ತಿದ್ದ ಅಚ್ಚಿನ ಪಟಗಳು. ಜಿಲ್ಲೆಯ ಮನೆಮನೆ ತಿರುಗಿ ನಲವತ್ತು ಕೂಡಿಸಿದ್ದೇನೆ. ನಿಮ್ಮದರ ಮುಂದೆ ಉಳಿದವು ಸಪ್ಪೆ. ಮೇಲೆ ಗಂಡಭೇರುಂಡ, ಅದರ ಕೆಳಗೆ ‘ಮೈಸೂರು ದೇಶದ ಏಳ್ಗೆ’ ಎಂಬ ಅಕ್ಷರ, ನಡುವೆ ಸೇತುವೆಯ ಮೇಲೆ ರೈಲು, ಒಂದು ಪಕ್ಕ ತಂತಿ ಕಂಬಗಳು, ಇನ್ನೊಂದು ಪಕ್ಕ ಶಾಲೆ, ಗಿರಣಿಯ ಹೊಗೆಕೊಳವೆ. ಗೆರೆಗಳು ಅಚ್ಚಿನವು, ಬಣ್ಣ ಕೈಯಿಂದ ತುಂಬಿದ್ದು. 1890ರ ಆಸುಪಾಸಿನದು ಎಂದು ನನ್ನ ಅಂದಾಜು. ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಹಳೆಯ ಪಟದ ವಿಷಯ ಬಂದರೆ ಈ ಜಿಲ್ಲೆಯಲ್ಲಿ ನನ್ನ ಮಾತನ್ನೇ ಕೇಳುತ್ತಾರೆ.

ತಳದಲ್ಲಿ ಬೂಷ್ಟು ಹಿಡಿದಿದೆ. ನಾನೇ ಶುದ್ಧ ಮಾಡುತ್ತೇನೆ, ಯೋಚಿಸಬೇಡಿ. ಅವತ್ತು ನೀವು ಗಾಜಿನ ಮೇಲೆ ಬೆರಳಿಟ್ಟು ಏನೋ ತೋರಿಸುತ್ತಿದ್ದಿರಿ. ನನ್ನ ಕಣ್ಣು ರೈಲಿನ ಮೇಲಿತ್ತು, ಸುಮ್ಮನೆ ಹೂಂಗುಟ್ಟಿದೆ. ಅದೇನೆಂದು ಬರೆದರೆ ಪಟದ ಪಕ್ಕದ ಚೀಟಿಯಲ್ಲಿ ಹಾಕುತ್ತೇನೆ.

ಇಂತಿ,
ಮುರುಗೇಶಪ್ಪ


ಯಲ್ಲದಕೆರೆ
12 ಜುಲೈ 2022

ಮೇಷ್ಟ್ರಿಗೆ ಗಂಗಕ್ಕ ಮಾಡುವ ನಮಸ್ಕಾರ.

ಬ್ಯಾಂಕಿನದಲ್ಲದ ಕಾಗದ ನನ್ನ ಹೆಸರಿಗೆ ಬಂದು ಎಷ್ಟೋ ವರ್ಷವಾಗಿತ್ತು. ಎರಡು ಸಲ ಓದಿದೆ. ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಂದ ಅಕ್ಷರ ತಿದ್ದಿಸಿದವಳು ನಾನು, ಬರೆಯುವುದು ಮರೆತಿಲ್ಲ. ಕೈ ನಡುಗಿ ಸಾಲು ಮಾತ್ರ ಸೊಟ್ಟ ಹೋಗುತ್ತದೆ.

ನಾನು ಬೆರಳಿಟ್ಟು ತೋರಿಸಿದ್ದು ಸಣ್ಣತಿಮ್ಮಕ್ಕನನ್ನು. ಪಟದ ತಳದಲ್ಲಿ ಮಣ್ಣು ಹೊರುವವರ ಸಾಲಿದೆಯಲ್ಲ, ಅದರಲ್ಲಿ ಎಡಗಡೆಯಿಂದ ಮೂರನೆಯವಳು. ಕೆಂಪು ಸೀರೆ, ತಲೆಯ ಮೇಲೆ ಬುಟ್ಟಿ, ಸೊಂಟದ ಮೇಲೆ ಕೂಸು. ಉಳಿದವರೆಲ್ಲ ರೈಲಿನ ಕಡೆ ಮುಖ ಮಾಡಿದ್ದಾರೆ. ಅವಳೊಬ್ಬಳು ನಮ್ಮ ಕಡೆ ನೋಡುತ್ತಾಳೆ.

ಸಣ್ಣತಿಮ್ಮಕ್ಕ ನಮ್ಮವ್ವನ ಅಜ್ಜಿ. ನಾವು ತಿಮ್ಮಜ್ಜಿ ಎನ್ನುತ್ತೇವೆ. ಹೊಸದುರ್ಗದ ಕಡೆ ರೈಲುದಾರಿಗೆ ಏರಿ ಹಾಕುವಾಗ ಎರಡು ವರ್ಷ ಮಣ್ಣು ಹೊತ್ತಳಂತೆ. ಏರಿಯ ಮಗ್ಗುಲಿನ ಗುಡಿಸಲಲ್ಲೇ ಮೊದಲ ಕೂಸು ಹೆತ್ತಳು. ರೈಲು ಮೊದಲ ಸಲ ಬಂದ ದಿನ ದೊಡ್ಡವರೆಲ್ಲ ಬಂದಿದ್ದರಿಂದ ಮಣ್ಣು ಹೊತ್ತವರನ್ನು ದೂರ ನಿಲ್ಲಿಸಿದ್ದರಂತೆ. ಅವಳಿಗೆ ಹೊಗೆ ಮಾತ್ರ ಕಂಡಿತು. ಆಮೇಲೆ ಎಷ್ಟೋ ವರ್ಷಕ್ಕೆ ಹೊಸದುರ್ಗದ ಸಂತೆಯಲ್ಲಿ ಈ ಪಟ ನೋಡಿ, “ಇದ್ರಾಗೆ ನಾನಿದೀನಿ” ಅಂದಳಂತೆ. ಬಿಟ್ಟು ಬರಲು ಒಪ್ಪಲೇ ಇಲ್ಲವಂತೆ.

ನಮ್ಮ ಮನೆಯಲ್ಲಿ ಕೂಸು ಹುಟ್ಟಿ ಕತ್ತು ನಿಂತ ಮೇಲೆ ಎತ್ತಿಕೊಂಡು ಹೋಗಿ ಮೊದಲು ತೋರಿಸುವುದು ತಿಮ್ಮಜ್ಜಿಯನ್ನು. ನನ್ನನ್ನೂ ಎತ್ತಿ ತೋರಿಸಿದ್ದರು. ಮೊಮ್ಮಗಳು ಶಾಂತಿಗೆ ನಾನು ತೋರಿಸಿದೆ. ಅವಳು ಈಗ ಒಂಬತ್ತನೇ ಕ್ಲಾಸು. ಸೆಪ್ಟೆಂಬರಿನಲ್ಲಿ ಅವರ ಶಾಲೆಯಲ್ಲಿ ಭಾಷಣ ಸ್ಪರ್ಧೆ ಇದೆ, ತಿಮ್ಮಜ್ಜಿಯ ಮೇಲೆ ಮಾತಾಡುತ್ತೇನೆ ಎಂದು ಈಗಲೇ ಬರೆದುಕೊಳ್ಳುತ್ತಿದ್ದಾಳೆ.

ಚೀಟಿಯಲ್ಲಿ ಇಷ್ಟೆಲ್ಲ ಹಾಕಲು ಆಗಲಿಕ್ಕಿಲ್ಲ. ಹೆಸರೊಂದು ಹಾಕಿದರೂ ಸಾಕು.

ಗಂಗಕ್ಕ


ಚಿತ್ರದುರ್ಗ
6 ಆಗಸ್ಟ್ 2022

ಗಂಗಕ್ಕನವರಿಗೆ ನಮಸ್ಕಾರಗಳು.

ಕೆಲಸದ ಒತ್ತಡದಲ್ಲಿ ಉತ್ತರ ತಡವಾಯಿತು. ಪಟ ಸಿದ್ಧವಾಗಿದೆ, ಹೊಸ ಕಟ್ಟು ಹಾಕಿಸಿದ್ದೇನೆ. ಕೊಳೆ ತೆಗೆದಾಗ ಹಳೆಯ ಪಟಗಳು ಮೊದಲಿನಂತೆ ಕಾಣುವುದಿಲ್ಲ, ಕೆಲವು ಭಾಗ ಬೇರೆಯಾಗಿಯೇ ತೋರುವುದುಂಟು. ನೋಡಿ ಗಾಬರಿಯಾಗಬೇಡಿ.

ಚೀಟಿಯಲ್ಲಿ ‘ಯಲ್ಲದಕೆರೆಯ ಗಂಗಕ್ಕನವರ ಮನೆಯ ಪಟ’ ಎಂದು ಹಾಕಿದ್ದೇವೆ. ಉಳಿದದ್ದಕ್ಕೆ ಜಾಗವಿರಲಿಲ್ಲ.

ಹದಿಮೂರನೇ ತಾರೀಕು ಶನಿವಾರ ಹನ್ನೊಂದು ಗಂಟೆಗೆ ಉದ್ಘಾಟನೆ. ನಿಮ್ಮನ್ನು ವೇದಿಕೆಗೆ ಕರೆದು ಸನ್ಮಾನ ಮಾಡುತ್ತಾರೆ. ಅಷ್ಟು ದೂರದ ಪ್ರಯಾಣ ಕಷ್ಟವಾದರೆ ಬರಲೇಬೇಕೆಂದಿಲ್ಲ, ಹಾರವನ್ನು ಮನೆಗೇ ಕಳಿಸಿಕೊಡುತ್ತೇವೆ.

ಮುರುಗೇಶಪ್ಪ


ಯಲ್ಲದಕೆರೆ
18 ಆಗಸ್ಟ್ 2022

ಮೇಷ್ಟ್ರಿಗೆ ನಮಸ್ಕಾರ.

ಕ್ಷೇಮವಾಗಿ ಊರು ಸೇರಿದೆವು. ನನಗೆ ಕುರ್ಚಿ ಹಾಕಿಸಿದಿರಿ, ಹಾರ ಹಾಕಿಸಿದಿರಿ. ನಮ್ಮ ಮನೆಯಲ್ಲಿ ಇಂಥದ್ದು ಯಾರೂ ಕಂಡಿರಲಿಲ್ಲ. ನಿಮಗೆ ಶಾಲು ಹೊದಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಶಬ್ದ ಕೇಳದಿದ್ದರೂ ಕೈಗಳು ಕಂಡವು. ಪಟ ಹೊಸದರಂತೆ ಹೊಳೆಯುತ್ತಿತ್ತು.

ಒಂದು ಮಾತು ಕೇಳಬೇಕು, ತಪ್ಪು ತಿಳಿಯಬಾರದು. ನನ್ನ ಕನ್ನಡಕ ಹಳೆಯದು, ಮುಂದೆ ಜನವೂ ಇದ್ದರು. ಕೆಳಸಾಲಿನಲ್ಲಿ ಎಡಗಡೆಯಿಂದ ಮೂರನೆಯದು ಹಸಿರು ಬಾವುಟ ಹಿಡಿದ ಗಂಡಸಿನ ಹಾಗೆ ಕಂಡಿತು. ಬಲಗಡೆಯಿಂದಲೂ ಎಣಿಸಿ ನೋಡಿದೆ. ಸಾಲಿನಲ್ಲಿ ಹೆಂಗಸೇ ಕಾಣಲಿಲ್ಲ. ಶಾಂತಿ ನನ್ನ ಕೈ ಎಳೆದು ಕಿವಿಯ ಹತ್ತಿರ ಬಂದು, “ಅಜ್ಜಿ, ಇದು ನಮ್ ಪಟ ಅಲ್ಲ” ಅಂದಳು. ದೊಡ್ಡವರ ನಡುವೆ ಹಾಗೆ ಅನ್ನಬಾರದೆಂದು ಚಿವುಟಿ ಸುಮ್ಮನಿರಿಸಿದೆ.

ಆಗಲೇ ಕೇಳೋಣವೆಂದು ನಿಮ್ಮ ಕಡೆ ನೋಡಿದೆ. ನೀವೂ ನನ್ನನ್ನು ನೋಡಿದಿರಿ. ಅಷ್ಟರಲ್ಲಿ ಯಾರೋ ಮಾತಿಗೆ ಸಿಕ್ಕರು, ಆ ಕಡೆ ತಿರುಗಿದಿರಿ. ಅವತ್ತು ನಿಮಗೆ ಎಷ್ಟು ಕೆಲಸವಿತ್ತೋ.

ಬಿಡುವಾದಾಗ ನಾಲ್ಕು ಸಾಲು ಬರೆಯಿರಿ. ನನ್ನ ಕಣ್ಣಿನದೇ ದೋಷವಿರಬೇಕು.

ಗಂಗಕ್ಕ


ಚಿತ್ರದುರ್ಗ
24 ಆಗಸ್ಟ್ 2022

ಗಂಗಕ್ಕನವರಿಗೆ,

ನಿಮ್ಮ ಕಣ್ಣಿನ ದೋಷವೇನಲ್ಲ. ನೀವು ಕಂಡದ್ದು ಸರಿ. ಅಲ್ಲಿರುವುದು ರೈಲ್ವೆಯ ಬಾವುಟದವನು.

ನಡೆದದ್ದು ಇಷ್ಟು. ಪಟಕ್ಕೆ ಗಾಜು ಹಾಕಿಸಿದ್ದು ನಿಮ್ಮ ತಾಯಿಯ ಕಾಲದಲ್ಲಿ ಎಂದಿರಿ. ಅದಕ್ಕೂ ಮೊದಲು ಎಷ್ಟೋ ವರ್ಷ ಒಲೆಯ ಹೊಗೆ, ಗೋಡೆಯ ತೇವ, ಕುಂಕುಮದ ಕೈ ಎಲ್ಲ ಅದಕ್ಕೆ ತಗುಲಿವೆ. ಹಾಗೆ ಕೂತ ಕೆಂಪು ಕಲೆ ನಿಮ್ಮ ಮನೆಯವರಿಗೆ ಹೆಂಗಸಿನಂತೆ ಕಂಡಿರಬೇಕು. ಒಬ್ಬರು ಕಂಡೆವೆಂದರೆ ಮುಂದಿನವರಿಗೂ ಹಾಗೆಯೇ ಕಾಣುತ್ತದೆ, ಇದು ಸಹಜ. ತೊಳೆದಾಗ ಕಲೆ ಹೋಯಿತು, ಅಡಿಯಲ್ಲಿದ್ದ ನಿಜವಾದ ಚಿತ್ರ ಹೊರಗೆ ಬಂತು.

ಅಲ್ಲದೆ ಈ ಚಿತ್ರ ಬರೆದವನು ದೂರದ ಯಾವುದೋ ಪಟ್ಟಣದ ಅಚ್ಚುಕೂಟದಲ್ಲಿ ಕೂತು ಬರೆದಿರುತ್ತಾನೆ. ನಿಮ್ಮ ಹಿರಿಯರನ್ನು ಅವನು ನೋಡಿರುವ ಸಾಧ್ಯತೆ ಇಲ್ಲ. ಈ ವಿಷಯವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಪಟದ ಛಾಯಾಚಿತ್ರ ಪತ್ರಿಕೆಯಲ್ಲಿ ಬಂದಿದೆ. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ.

ಮುರುಗೇಶಪ್ಪ


ಯಲ್ಲದಕೆರೆ
9 ಸೆಪ್ಟೆಂಬರ್ 2022

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದ ದಿನ ಅದನ್ನು ಯಾರಿಗೂ ತೋರಿಸದೆ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟೆ. ತೋರಿಸಲು ನಾಚಿಕೆಯಾಯಿತು. ಹಾಗೆ ಮಾಡಿದ್ದರಿಂದ ಏನಾಯಿತೆಂದು ನಿಮಗೆ ಹೇಳಬೇಕು.

ಶನಿವಾರ ಶಾಂತಿಯ ಭಾಷಣವಿತ್ತು. ನಾನು ಬಾಯಿಬಿಡದಿದ್ದರಿಂದ ಅವಳು, ಚಿತ್ರದುರ್ಗದಲ್ಲಿ ಕಂಡದ್ದು ಬೇರೆ ಪಟವೆಂದೇ ನಂಬಿ, ತಿಮ್ಮಜ್ಜಿಯ ಮೇಲೆಯೇ ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳಂತೆ. ಮುಗಿದ ಮೇಲೆ ಅವರ ಟೀಚರು, ಪಾಪ, ಒಳ್ಳೆಯದಕ್ಕೇ, ಪತ್ರಿಕೆಯಲ್ಲಿ ಬಂದ ಪಟವನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿ, ನಿಮ್ಮ ತಿಮ್ಮಜ್ಜಿಯನ್ನು ಎಲ್ಲರಿಗೂ ತೋರಿಸು ಬಾ ಎಂದು ಕರೆದರಂತೆ. ಇವಳು ಹೋಗಿ ನಿಂತಳು. ಎಣಿಸಿದಳು. ಹಿಂದಿನಿಂದ ಯಾರೋ, “ನಿಮ್ಮಜ್ಜಿಗೆ ಮೀಸೆ ಐತೇನೇ?” ಅಂದರು. ಇಡೀ ಕ್ಲಾಸು ನಕ್ಕಿತು. ಟೀಚರು ಗದರಿಸಿದರೂ ನಿಲ್ಲಲಿಲ್ಲವಂತೆ.

ಮನೆಗೆ ಬಂದು ನನ್ನ ಮುಂದೆ ನಿಂತಳು. ನಾನು ಟ್ರಂಕಿನಿಂದ ನಿಮ್ಮ ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ಪೂರ್ತಿ ಓದಿದಳು. ನನಗೆ ಕೇಳಲೆಂದು ಕಿವಿಯ ಹತ್ತಿರ ಬಂದು, “ಹಂಗಾರೆ ನಾನು ದಿನಾ ಕೈ ಮುಗ್ದಿದ್ದು ಕಲೆಗಾ?” ಅಂದಳು. ಅಷ್ಟೇ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಮಾರಿಕಣಿವೆ ಅಣೆಕಟ್ಟು ಎಂಬತ್ತೊಂಬತ್ತು ವರ್ಷದ ಮೇಲೆ ತುಂಬಿ ಕೋಡಿ ಬಿದ್ದಿದೆ, ಇಡೀ ತಾಲೂಕು ಹೋಗಿ ನೋಡಿ ಬರುತ್ತಿದೆ. ಅಂಜನಪ್ಪ ಕರೆದರೂ ಅವಳು ಬರಲ್ಲ ಅಂದಳು.

ಮೇಷ್ಟ್ರೇ, ನನ್ನ ಅವ್ವ ಸುಳ್ಳು ಹೇಳುವವಳಲ್ಲ. ನಾನು ಕಣ್ಣಾರೆ ಅರವತ್ತು ವರ್ಷ ತಿಮ್ಮಜ್ಜಿಯನ್ನು ನೋಡಿದ್ದೇನೆ. ಕೂಸಿನ ಕೈ ಅವಳ ಕತ್ತಿನ ಮೇಲಿತ್ತು. ಅದೂ ಕಲೆಯೇ ಎಂದರೆ ನಾನು ಇನ್ನೇನನ್ನು ಹಾಗೆ ಕಂಡಿದ್ದೇನೋ ಎಂದು ಭಯವಾಗುತ್ತದೆ. ಆದರೆ ನೀವು ಓದಿದವರು, ಕೈಯಾರೆ ತೊಳೆದು ನೋಡಿದವರು. ನನ್ನ ಮಾತನ್ನು ಚೀಟಿಯಲ್ಲಿ ಹಾಕದೆ ನಮ್ಮ ಮರ್ಯಾದೆ ಉಳಿಸಿದಿರಿ. ಹಾಕಿದ್ದರೆ ಚಿತ್ರದುರ್ಗದ ಜನರೂ ನಗುತ್ತಿದ್ದರು.

ನಿಮಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಪಟ ವಾಪಸು ಬೇಡ. ಸಮಿತಿಯವರೇ ಇಟ್ಟುಕೊಳ್ಳಲಿ. ಗೋಡೆಗೆ ತಂದು ಹಾಕಿದರೆ ಶಾಂತಿಯ ಮುಂದೆ ನಾನು ದಿನಾ ತಲೆ ತಗ್ಗಿಸಬೇಕು.

ಗಂಗಕ್ಕ


ಯಲ್ಲದಕೆರೆ
14 ಅಕ್ಟೋಬರ್ 2022

ಮೇಷ್ಟ್ರಿಗೆ ನಮಸ್ಕಾರ.

ಸಮಿತಿಯ ಪ್ರಭು ಅವರು ಬಂದಿದ್ದರು. ಪಟವನ್ನು ಸ್ವಂತ ಮನಸ್ಸಿನಿಂದ ಕೊಟ್ಟಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿದೆ. ಹೊಸ ವರ್ಷದ ಕ್ಯಾಲೆಂಡರಿಗೂ ಅದನ್ನೇ ಅಚ್ಚು ಹಾಕಿಸುತ್ತಾರಂತೆ. ಆಗಲಿ ಎಂದೆ.

ನನ್ನ ಹಿಂದಿನ ಕಾಗದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ನನ್ನ ಮೇಲೆ ಬೇಸರವಾಗಿದ್ದರೆ ಅದನ್ನಾದರೂ ಬರೆಯಿರಿ.

ಗಂಗಕ್ಕ


ಚಿತ್ರದುರ್ಗ
21 ನವೆಂಬರ್ 2022

ಗಂಗಕ್ಕನವರೇ,

ಪಟದಲ್ಲಿ ಹೆಂಗಸು ಇದ್ದಳು. ಕೆಂಪು ಸೀರೆ ಉಟ್ಟಿದ್ದಳು. ಸೊಂಟದ ಮೇಲೆ ಕೂಸಿತ್ತು. ಅದು ಕಲೆಯಲ್ಲ. ಅವಳನ್ನು ಹಾಳು ಮಾಡಿದವನು ನಾನು.

ಮೊದಲು ಇದನ್ನು ಬರೆದುಬಿಡಬೇಕು, ಇಲ್ಲವಾದರೆ ಮತ್ತೆ ಸುತ್ತಿ ಬಳಸಿ ಎಲ್ಲಿಗೋ ಹೋಗುತ್ತೇನೆ ಎಂದು ಮೇಲೆಯೇ ಬರೆದೆ. ಎರಡು ತಿಂಗಳಲ್ಲಿ ಎಂಟು ಕಾಗದ ಬರೆದು ಹರಿದಿದ್ದೇನೆ. ಎಲ್ಲದರಲ್ಲೂ ಕಾರಣಗಳೇ ಮೊದಲು ಬರುತ್ತಿದ್ದವು.

ಜುಲೈ ಕೊನೆಯಲ್ಲಿ ಪಟವನ್ನು ಬ್ಲೀಚಿಂಗ್ ಪುಡಿ ಕದಡಿದ ನೀರಿನ ತಟ್ಟೆಯಲ್ಲಿ ಇಟ್ಟೆ. ಬೂಷ್ಟು ಹೋಗಲು ಹತ್ತು ನಿಮಿಷ ಸಾಕು. ಅಷ್ಟರಲ್ಲಿ ಸಮಿತಿಯವರು ಬಂದರು. ನನ್ನ ಸನ್ಮಾನದ ಮಾತು ಬಂತು, ಕೂತುಬಿಟ್ಟೆ. ಒಳಗೆ ಹೋಗಿ ನೋಡಿದಾಗ ಎರಡು ಗಂಟೆ ಕಳೆದಿತ್ತು. ತಟ್ಟೆಯ ನೀರು ಕೆಂಪಗಿತ್ತು. ಎತ್ತಲು ಹೋದರೆ ಕೆಳಗಿನ ಅಂಚು ನೆನೆದ ರೊಟ್ಟಿಯಂತೆ ಕೈಯಲ್ಲೇ ಬಂತು. ಮೇಲಿನ ರೈಲು, ಸೇತುವೆ, ಶಾಲೆ ಎಲ್ಲ ಉಳಿದವು. ಹೋದದ್ದು ಮಣ್ಣು ಹೊರುವವರ ಸಾಲು ಮಾತ್ರ.

ಹಿಂದೆ ಹೊಸ ಕಾಗದ ಅಂಟಿಸಿ ಸಾಲನ್ನು ಮತ್ತೆ ಬರೆದೆ. ನಿಮ್ಮ ಕಾಗದ ಪಕ್ಕದಲ್ಲಿಟ್ಟುಕೊಂಡು ತಿಮ್ಮಜ್ಜಿಯನ್ನು ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ. ನಾನು ಅವಳನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಆಗ ನನ್ನ ತಲೆಗೆ ಬಂದದ್ದನ್ನು ನಿಮಗೆ ಹೇಳಲೇಬೇಕು. ತಪ್ಪು ಹೆಂಗಸನ್ನು ಬರೆದರೆ ನೀವು ಒಂದೇ ನೋಟಕ್ಕೆ ಹಿಡಿಯುತ್ತೀರಿ. ಅಲ್ಲಿ ಹೆಂಗಸೇ ಇಲ್ಲದಿದ್ದರೆ ನೀವು ನಿಮ್ಮನ್ನೇ ಅನುಮಾನಿಸುತ್ತೀರಿ. ಮೇಷ್ಟ್ರ ಮಾತಿಗೆ ಎದುರಾಡುವವರಲ್ಲ ನೀವು ಎಂಬ ಧೈರ್ಯದಿಂದ ಬಾವುಟದವನನ್ನು ಬರೆದೆ. ಕಲೆಯ ಕಥೆ ಕಟ್ಟಿದ್ದೂ ಅದೇ ಧೈರ್ಯದಿಂದ. ನೀವು ಹಾಗೆಯೇ ಮಾಡಿದಿರಿ. ನನ್ನಲ್ಲೇ ಕ್ಷಮೆ ಕೇಳಿದಿರಿ.

ಆ ಕಾಗದ ಓದಿದ ಮೇಲೂ ನಾನು ಸುಮ್ಮನಿದ್ದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ.

ಹೊಸದುರ್ಗದ ಚಿತ್ರಲಿಂಗಪ್ಪ ಎಂಬ ಹಿರಿಯರು ಪತ್ರಿಕೆಯಲ್ಲಿ ಪಟ ನೋಡಿ ನನಗೆ ಫೋನು ಮಾಡಿದರು. ಅವರ ಮನೆಯಲ್ಲೂ ಅದೇ ಪಟ ಇದೆ, ಆದರೆ ಅದರಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ಹೀಗೇಕೆ ಎಂದು ಕೇಳಿದರು. ನನ್ನ ಬಂಡವಾಳ ಬಯಲಾಗುತ್ತದೆಂದು ಹೆದರಿ ಹೋದ ಬುಧವಾರ ಹೊಸದುರ್ಗಕ್ಕೆ ಹೋದೆ. ಅವರ ಪಡಸಾಲೆಯ ಗೋಡೆಯ ಮೇಲೆ ಅವಳಿದ್ದಳು. ಸೀರೆಯ ಬಣ್ಣವೊಂದು ಬಿಟ್ಟರೆ ಬುಟ್ಟಿ, ಕೂಸು, ಎಲ್ಲ ನೀವು ಬರೆದಂತೆಯೇ. ಕೂಸಿನ ಕೈ ಕತ್ತಿನ ಮೇಲೆಯೇ ಇತ್ತು. ಅದನ್ನು ನೋಡುತ್ತಾ ನಿಂತು, ಇದು ನಿಜವಾದ ಪಟವಲ್ಲ, ಆಮೇಲೆ ಯಾರೋ ನಕಲು ಮಾಡಿ ಮಾರಿದ್ದು ಎಂದು ಅವರಿಗೆ ಹೇಳಿದೆ. ನನ್ನ ಬಾಯಿಂದ ಸಲೀಸಾಗಿ ಬಂತು. ಅವರು ಒಂದು ಕ್ಷಣ ಪಟ ನೋಡಿ, “ನೀವು ಹೇಳಿದ್ಮೇಲೆ ಆತು ಬಿಡ್ರಿ. ಸುಮ್ನೆ ಇಷ್ಟು ದಿನ ಇಟ್ಕಂಡಿದ್ವಿ” ಅಂದರು. ಹೇಳಿ ಮೊಳೆಯಿಂದ ಇಳಿಸಲು ಕೈ ಚಾಚಿದರು.

ಬಸ್ ಸ್ಟ್ಯಾಂಡಿಗೆ ಬಂದೆ. ದುರ್ಗದ ಬಸ್ಸು ನಿಂತಿತ್ತು, ಹತ್ತಲು ಆಗಲಿಲ್ಲ. ಅವರ ಕೈ ಪಟದ ಕಡೆ ಹೋದದ್ದೇ ಕಣ್ಣಿಗೆ ಬರುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೆಯೇ ಆಗಿರಬೇಕು ಅನ್ನಿಸಿತು. ವಾಪಸು ಹೋದೆ. ಅವರ ಮನೆಯವರೆಲ್ಲರ ಮುಂದೆ ನಿಜ ಹೇಳಿದೆ. ಚಿತ್ರಲಿಂಗಪ್ಪನವರು ಪಟವನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. ಕೊನೆಗೆ, “ಇದ್ನ ನನಗೆ ಯಾಕೆ ಹೇಳ್ತೀರಿ? ಆಯಮ್ಮನಿಗೆ ಹೇಳ್ರಿ” ಅಂದರು.

ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅವ್ವ ಸುಳ್ಳು ಹೇಳಿರಲಿಲ್ಲ. ನೀವೂ ಹೇಳಿರಲಿಲ್ಲ. ನಾನು ಏನು ಮಾಡಬೇಕೆಂದು ತಿಳಿಸಿ, ಮಾಡುತ್ತೇನೆ.

ಮುರುಗೇಶಪ್ಪ


ಯಲ್ಲದಕೆರೆ
29 ನವೆಂಬರ್ 2022

ಮುರುಗೇಶಪ್ಪನವರಿಗೆ,

ಕಾಗದ ಓದಿದೆ. ಶಾಂತಿಯ ಕೈಗೂ ಕೊಟ್ಟೆ. ಈ ಸಲ ಟ್ರಂಕಿನಲ್ಲಿ ಇಡಲಿಲ್ಲ.

ಪಟ ಹಾಳಾದದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಗೆದ್ದಲು ತಿನ್ನಬಹುದಿತ್ತು, ಗೋಡೆ ಬೀಳಬಹುದಿತ್ತು. ಕೈತಪ್ಪಿತು ಎಂದು ಅವತ್ತೇ ನಾಲ್ಕು ಸಾಲು ಬರೆದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನೀವು ನನ್ನ ಅವ್ವನನ್ನು ನನ್ನ ಮುಂದೆ ಸುಳ್ಳುಗಾರ್ತಿ ಮಾಡಿದಿರಿ. ನನ್ನನ್ನು ನನ್ನ ಮೊಮ್ಮಗಳ ಮುಂದೆ ಹಾಗೆ ಮಾಡಿದಿರಿ. ಮೂರು ತಿಂಗಳು ನಾನು ಪ್ರತಿಯೊಂದನ್ನೂ ಎರಡೆರಡು ಸಲ ಮುಟ್ಟಿ ನೋಡುತ್ತಿದ್ದೆ, ಇದ್ದದ್ದೇ ಕಾಣುತ್ತಿದೆಯೋ ಇಲ್ಲವೋ ಎಂದು.

ಚಿತ್ರ ಬರೆದವನು ತಿಮ್ಮಜ್ಜಿಯನ್ನು ನೋಡಿರಲಿಲ್ಲ ಎಂದು ನೀವು ಆಗ ಬರೆದಿರಿ. ಅಷ್ಟು ನಮಗೂ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ರೈಲುದಾರಿಗೆ ಮಣ್ಣು ಹೊತ್ತ ಒಬ್ಬ ಹೆಂಗಸು ಆ ಪಟದಲ್ಲಿ ಇದ್ದಳು. ಉಳಿದವರನ್ನು ಯಾರಾದರೂ ತಮ್ಮವರೆನ್ನಲಿ, ಅವಳನ್ನು ನಮ್ಮವಳೆಂದೆವು.

ಏನು ಮಾಡಬೇಕೆಂದು ಕೇಳಿದ್ದೀರಿ. ಮೊದಲು ಸಮಿತಿಯಿಂದ ಪಟ ಬಿಡಿಸಿ ತನ್ನಿ. ಆಮೇಲೆ ಶಾಂತಿಯ ಕ್ಲಾಸಿಗೆ ಬನ್ನಿ. ಅವಳು ಎಲ್ಲಿ ನಿಂತು ನಗೆಗೀಡಾದಳೋ ಅಲ್ಲಿ ನಿಂತು, ಆ ಮಕ್ಕಳ ಮುಂದೆ, ನೀವು ಮಾಡಿದ್ದನ್ನು ನಿಮ್ಮ ಬಾಯಿಂದ ಹೇಳಿ. ನನ್ನ ಹತ್ತಿರ ಕ್ಷಮೆ ಕೇಳುವುದು ಬೇಡ. ಕೇಳಿದರೂ ನನಗೆ ಕೇಳಿಸುವುದಿಲ್ಲ.

ಗಂಗಕ್ಕ


ಚಿತ್ರದುರ್ಗ
10 ಡಿಸೆಂಬರ್ 2022

ಗಂಗಕ್ಕನವರಿಗೆ,

ಸಮಿತಿಯ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಶಾಲು ವಾಪಸು ಕೊಡಲು ಹೋದೆ, ಯಾರೂ ಮುಟ್ಟಲಿಲ್ಲ, ಮೇಜಿನ ಮೇಲೇ ಬಿಟ್ಟು ಬಂದೆ. ನೀವು ಸಹಿ ಮಾಡಿದ ಕಾಗದವನ್ನು ಹರಿದುಹಾಕಿ ಪಟ ಕೊಟ್ಟರು.

ಕ್ಯಾಲೆಂಡರು ಮಾತ್ರ ನಿಲ್ಲಿಸಲು ಆಗಲಿಲ್ಲ. ಸಾವಿರ ಪ್ರತಿ ಅಚ್ಚಾಗಿ ಅರ್ಧಕ್ಕರ್ಧ ಹಂಚಿ ಹೋಗಿವೆ. ಹೊಳಲ್ಕೆರೆ, ಹಿರಿಯೂರು, ತುರುವನೂರು, ಎಲ್ಲ ಕಡೆಯ ಅಂಗಡಿಗಳಿಗೂ ಹೋಗಿವೆಯಂತೆ. ಪ್ರಭು, “ತಾರೀಕು ನೋಡಕೆ ಹಾಕ್ಕಂತಾರೆ ಮೇಷ್ಟ್ರೇ, ಪಟ ಯಾರು ನೋಡ್ತಾರೆ ಬಿಡ್ರಿ” ಅಂದರು. ನನ್ನನ್ನು ಸಮಾಧಾನ ಮಾಡಲೆಂದೇ ಅಂದದ್ದು. ಬರುವ ವರ್ಷವಿಡೀ ಆ ಬಾವುಟದವನು ಐನೂರು ಗೋಡೆಗಳ ಮೇಲೆ ಇರುತ್ತಾನೆ.

ನಿಮ್ಮ ಶಾಲೆಯ ಹೆಡ್ ಮೇಷ್ಟ್ರಿಗೆ ಬರೆದಿದ್ದೆ. ಹದಿನೇಳನೇ ತಾರೀಕು ಶನಿವಾರ ಬರಲು ಹೇಳಿದ್ದಾರೆ.

ಒಂದು ಕೇಳಿಕೆ. ಚಿತ್ರಲಿಂಗಪ್ಪನವರು ತಮ್ಮ ಪಟವನ್ನು ನೋಡಿ ಬರೆದುಕೊಳ್ಳಲು ಒಪ್ಪಿದ್ದಾರೆ. ಅದರಲ್ಲಿ ಅವಳದು ನೀಲಿ ಸೀರೆ, ಪ್ರತಿ ಪಟಕ್ಕೂ ಬೇರೆ ಬೇರೆ ಕೈ ಬಣ್ಣ ತುಂಬಿರುತ್ತದೆ. ಗೆರೆ ನೋಡಿಕೊಂಡು ಕೆಂಪು ತುಂಬಿದರೆ ನಿಮ್ಮ ತಿಮ್ಮಜ್ಜಿಯನ್ನು ಹೆಚ್ಚುಕಡಿಮೆ ಮೊದಲಿನಂತೆಯೇ ಬರೆದುಕೊಡಬಲ್ಲೆ. ಒಪ್ಪುವಿರಾ?

ಮುರುಗೇಶಪ್ಪ


ಯಲ್ಲದಕೆರೆ
9 ಜನವರಿ 2023

ಮೇಷ್ಟ್ರಿಗೆ,

ಶಾಲೆಗೆ ಬಂದ ದಿನ ನೀವು ಪಟ ಕೊಟ್ಟು ಊಟಕ್ಕೂ ನಿಲ್ಲದೆ ಹೋದಿರಿ. ನಾನೂ ಒತ್ತಾಯ ಮಾಡಲಿಲ್ಲ.

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಿಮ್ಮ ಒಂದು ಮಾತೂ ಕೇಳಲಿಲ್ಲ, ಮುಖ ಮಾತ್ರ ನೋಡಿದೆ. ಮೂವತ್ತೊಂದು ವರ್ಷ ಮಕ್ಕಳ ಮುಂದೆ ನಿಂತವರು, ಕೈ ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಅಂಚು ಹಿಡಿದಿದ್ದಿರಿ. ಮಕ್ಕಳು ನಗುತ್ತಾರೇನೋ ಎಂದು ನಾನು ನೋಡುತ್ತಲೇ ಇದ್ದೆ. ಯಾರೂ ನಗಲಿಲ್ಲ. ಮಾತೆಲ್ಲ ಮುಗಿದ ಮೇಲೆ ಶಾಂತಿ ಎದ್ದು ಏನೋ ಕೇಳಿದಳು, ನೀವು ತಲೆ ತಗ್ಗಿಸಿ ಏನೋ ಹೇಳಿದಿರಿ. ಮನೆಗೆ ಬಂದ ಮೇಲೆ ಅವಳೇ ಬರೆದು ತೋರಿಸಿದಳು.

“ಅಜ್ಜಿ ಕೇಳ್ದಾಗ್ಲೇ ಯಾಕೆ ಹೇಳ್ಲಿಲ್ಲ ಸಾರ್?”

“ನಾಚಿಕೆ ಆತಮ್ಮ.”

“ಈಗ ಆಗಲ್ವಾ?”

“ಈಗ್ಲೂ ಆಗ್ತೈತೆ.”

ಇದನ್ನು ಬರೆದು ಕೊಟ್ಟ ಮೇಲೆ ಅವಳು ನನ್ನ ಮಗ್ಗುಲಲ್ಲಿ ಕೂತು ಊಟ ಮಾಡಿದಳು. ಸೆಪ್ಟೆಂಬರಿನಿಂದ ಹಾಗೆ ಕೂತಿರಲಿಲ್ಲ.

ತಿಮ್ಮಜ್ಜಿಯನ್ನು ಮತ್ತೆ ಬರೆದುಕೊಡುವ ಮಾತಿಗೆ ಅವತ್ತು ಉತ್ತರ ಕೊಡಲಿಲ್ಲ. ಬೇಡ. ಹೊಸದುರ್ಗದ ನೀಲಿ ಸೀರೆಯವಳು ಬೇರೆ ಯಾರದೋ ಅಜ್ಜಿ. ಅವಳಿಗೆ ಕೆಂಪು ಉಡಿಸಿ ನಮ್ಮ ಮನೆಗೆ ತರುವುದು ನನಗೆ ಸರಿಕಾಣುವುದಿಲ್ಲ. ಅವತ್ತು ನಾನು ಹೇಳಿದಂತೆ ನೀವು ಬಾವುಟದವನನ್ನು ಒದ್ದೆ ಹತ್ತಿಯಿಂದ ಒರೆಸಿ ತೆಗೆದಿರಲ್ಲ, ಆ ಜಾಗ ಬಿಳಿಯಾಗಿಯೇ ಇದೆ. ಹಾಗೆಯೇ ಇರಲಿ. ಅಂಜನಪ್ಪನಿಗೆ ಮಗ ಹುಟ್ಟಿದ್ದಾನೆ, ಶಾಂತಿಗೆ ತಮ್ಮ. ಕತ್ತು ನಿಂತ ಮೇಲೆ ಎತ್ತಿ ಆ ಬಿಳಿ ಜಾಗವನ್ನೇ ತೋರಿಸುತ್ತೇವೆ.

ಮೊನ್ನೆ ಮದ್ದು ತರಲು ನಾನು, ಶಾಂತಿ ಐಮಂಗಲಕ್ಕೆ ಹೋಗಿದ್ದೆವು. ಮೆಡಿಕಲ್ ಸ್ಟೋರಿನ ಗೋಡೆಗೆ ನಿಮ್ಮ ಸಮಿತಿಯ ಕ್ಯಾಲೆಂಡರು ಹಾಕಿದ್ದರು. ಶಾಂತಿ ಅದನ್ನು ನೋಡುತ್ತಾ ನಿಂತಳು. ಅಂಗಡಿಯವರು ಏನಮ್ಮ ಎಂದು ಕೇಳಿರಬೇಕು. ಅವಳು ಮಾತಾಡಿದಳು, ಅವರು ಮದ್ದು ಕಟ್ಟುವುದನ್ನು ಬಿಟ್ಟು ಕೇಳಿದರು. ಹೊರಗೆ ಬಂದ ಮೇಲೆ ಏನು ಹೇಳಿದೆ ಎಂದು ಕೇಳಿದೆ. ಕಿವಿಯ ಹತ್ತಿರ ಬಂದು ಹೇಳಿದಳು: “ಇದು ನಮ್ ಮನೆ ಪಟ. ಇಲ್ಲಿ ಬಾವ್ಟದೋನು ಇರ್ಲಿಲ್ಲ, ನಮ್ ತಿಮ್ಮಜ್ಜಿ ಇದ್ಲು. ದುರ್ಗದ ಮುರುಗೇಶಪ್ಪ ಮೇಷ್ಟ್ರು ಹಾಳು ಮಾಡಿ, ಅವಳು ಇರ್ಲೇ ಇಲ್ಲ ಅಂದಿದ್ರು ಅಂತ ಹೇಳ್ದೆ.”

ನಿಮ್ಮ ಹೆಸರನ್ನು ಏಕೆ ಹೇಳಿದೆ ಎಂದು ನಾನು ಕೇಳಲಿಲ್ಲ. ಇನ್ನು ಮುಂದೆ ಹೇಳಬೇಡ ಎಂದೂ ಅನ್ನಲಿಲ್ಲ. ಕ್ಯಾಲೆಂಡರು ಕಂಡ ಕಡೆಯೆಲ್ಲ ಅವಳು ಹೇಳುತ್ತಾಳೆ. ಯಾರ ಬಾಯಿಂದಲೋ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ತಿಳಿಸಬೇಕೆನ್ನಿಸಿತು. ಅದಕ್ಕಾಗಿ ಈ ಕಾಗದ.

ಗಂಗಕ್ಕ